ಮೀಸೆ ಮೀನುಗಳಿಗೆ ನಾನು ಕೊಟ್ಟ ದನಿ

ಮೀನಿನಂಗಡಿಯವನು ಎಲ್ಲವನ್ನೂ ಹೇಳಿದ್ದ. ನಾನು ಕೇಳಿಸಿಕೊಳ್ಳಲಿಲ್ಲ. ಇಷ್ಟಕ್ಕೇ ಬಿಟ್ಟರೆ ನೀವು ನನ್ನನ್ನು ಬರೀ ಕಿವುಡನೆಂದುಕೊಳ್ಳುತ್ತೀರಿ. ನಾನು ಅದಕ್ಕಿಂತ ದೊಡ್ಡ ಮೂರ್ಖ. ಅವನು ಗಾಜಿನ ತೊಟ್ಟಿಯ ಮೇಲೆ ಬೆರಳಿಟ್ಟು ಐದು ನಿಮಿಷ ವಿವರಿಸುವಾಗ ನಾನು ಬಹಳ ಶ್ರದ್ಧೆಯಿಂದ ಅವನ ಬಾಯಿಯನ್ನೇ ನೋಡುತ್ತಿದ್ದೆ. ಅವನ ಮೇಲಿನ ಎರಡು ಹಲ್ಲುಗಳ ನಡುವೆ ಸಂದು. ಪ್ರತಿ ಮಾತಿನ ಕೊನೆಗೆ ಆ ಸಂದಿಯಿಂದ ಒಂದು ಸಣ್ಣ ಸೀಟಿ, ಅದರ ಬೆನ್ನಿಗೇ ‘ಸಮ್ಝೇ?’, ತಿಳಿಯಿತೇ ಎಂಬ ಪ್ರಶ್ನೆ. ಇಂಥ ದನಿ ವರ್ಷಕ್ಕೊಂದು ಸಿಕ್ಕರೆ ಹೆಚ್ಚು. ಪ್ರತಿ ಸಲವೂ ‘ಸಮ್ಝಾ, ಸಮ್ಝಾ’ ಎನ್ನುತ್ತ ಆ ಸೀಟಿಯನ್ನು ಒಳಗೊಳಗೇ ಅಭ್ಯಾಸ ಮಾಡಿಕೊಂಡೆ. ಐದು ಮೀನು, ಒಂದು ತೊಟ್ಟಿ, ಅದರ ತಳಕ್ಕೆ ಉಸುಕು, ಮೀನು ತಿನ್ನುವ ಕಾಳಿನ ಒಂದು ಪೊಟ್ಟಣ ಹಿಡಿದು ಆಟೋ ಹತ್ತುವಾಗ ಅವನ ದನಿ ನನ್ನ ಗಂಟಲಲ್ಲಿ ಪೂರ್ತಿ ಕೂತಿತ್ತು. ಅವನು ಹೇಳಿದ್ದೇನು ಎಂದು ಯಾರಾದರೂ ಕೇಳಿದ್ದರೆ ಸೀಟಿ ಹೊಡೆದು ತೋರಿಸುತ್ತಿದ್ದೆ, ಅಷ್ಟೇ.

ನನ್ನ ಹೊಟ್ಟೆಪಾಡೇ ಅದು. ರಾಯಚೂರಿನ ಬೀದಿಗಳಲ್ಲಿ ಮೈಕು ಕಟ್ಟಿಕೊಂಡು ತಿರುಗುವ ಆಟೋಗಳಿಗೆ ದನಿ ಕೊಡುತ್ತೇನೆ. ಸೀರೆ ಅಂಗಡಿಯ ರಿಯಾಯಿತಿ, ಹೊಸ ಟ್ಯೂಷನ್ನು, ಹಲ್ಲಿನ ಆಸ್ಪತ್ರೆ, ಯಾವುದಿದ್ದರೂ ಸರಿ. ಗಂಡಸಿನ ದನಿ ಬೇಕೆ, ಹೆಂಗಸಿನ ದನಿ ಬೇಕೆ, ಕೆಮ್ಮುವ ಮುದುಕನ ದನಿ ಬೇಕೆ, ಒಬ್ಬನೇ ಕೂತು ಮೂವರ ಜಗಳವನ್ನೂ ಮಾಡಿಕೊಡುತ್ತೇನೆ. ದೇವದುರ್ಗದ ಬಸ್ಸಿನಲ್ಲೊಮ್ಮೆ ಕಂಡಕ್ಟರು ಚಹಾ ಕುಡಿಯಲು ಇಳಿದಿದ್ದಾಗ ಅವರದೇ ದನಿಯಲ್ಲಿ ‘ರೈಟ್’ ಎಂದು ಬಸ್ಸನ್ನು ಹೊರಡಿಸಿ, ಆಮೇಲೆ ಕೆಳಗಿಳಿಸಲ್ಪಟ್ಟು, ಬಿಸಿಲಲ್ಲಿ ನಡೆದು ಊರು ಸೇರಿದವನು ನಾನು. ಬೇರೆಯವರ ದನಿ ನನಗೆ ಒಂದೇ ಸಲಕ್ಕೆ ಬರುತ್ತದೆ. ಅವರ ಬುದ್ಧಿ ಮಾತ್ರ ಎಷ್ಟು ಸಲ ಕೇಳಿದರೂ ಬರುವುದಿಲ್ಲ.

ಮೀನು ತಂದದ್ದು ಅವ್ವನಿಗಾಗಿ. ಅವ್ವ ದೇವದುರ್ಗದ ಒಂದು ಸರಕಾರಿ ಶಾಲೆಯಲ್ಲಿ ಬಿಸಿಯೂಟದ ಅಡಿಗೆ ಮಾಡುತ್ತಿದ್ದಳು. ಅದಕ್ಕೂ ಮೊದಲು ಹೊಲಗಳಲ್ಲಿ ಕೂಲಿ. ಅಪ್ಪ ಹೋದ ಮೇಲೆ ಅಕ್ಕನನ್ನು ಟೀಚರ್ ಮಾಡಿದ್ದು, ನಾನು ಡಿಗ್ರಿ ಮುಗಿಸುವಂತೆ ಮಾಡಿದ್ದು ಆ ಸೌಟೇ. ಅರವತ್ತು ತುಂಬಿತೆಂದು ಶಾಲೆಯವರು ಶಾಲು ಹೊದಿಸಿ ಕಳಿಸಿದಾಗ ನಾನು ಅವಳನ್ನು ರಾಯಚೂರಿಗೆ, ನನ್ನ ಎರಡು ಕೋಣೆಯ ಬಾಡಿಗೆ ಮನೆಗೆ ಕರೆತಂದೆ.

ಇಬ್ಬರಿಗೆ ಅಡಿಗೆ ಮಾಡುವುದು ಅವ್ವನಿಗೆ ಬರುತ್ತಿರಲಿಲ್ಲ. ಬೋಗುಣಿಗೆ ಅಕ್ಕಿ ಸುರಿಯುತ್ತಿದ್ದಳು, ಸುರಿಯುತ್ತಲೇ ಇರುತ್ತಿದ್ದಳು, ಆಮೇಲೆ ಎಚ್ಚರಾದವಳಂತೆ ಅರ್ಧಕ್ಕಿಂತ ಹೆಚ್ಚು ಅಕ್ಕಿಯನ್ನು ವಾಪಸು ಡಬ್ಬಿಗೆ ಹಾಕುತ್ತಿದ್ದಳು. ಸಾರು ಓಣಿಯವರಿಗೆಲ್ಲ ಹೋಗುತ್ತಿತ್ತು. ಒಂದು ತಿಂಗಳಾಗುವಷ್ಟರಲ್ಲಿ ಓಣಿಯವರು ಅವ್ವನನ್ನು ಕಂಡರೆ ‘ನಮ್ಮದು ಊಟ ಆಯ್ತ್ರೀ’ ಎಂದು ಮೊದಲೇ ಹೇಳತೊಡಗಿದರು. ಅವಳೇನೂ ದೂರಲಿಲ್ಲ. ಮಧ್ಯಾಹ್ನ ಹನ್ನೆರಡೂವರೆಗೆ, ಶಾಲೆಯಲ್ಲಿ ಬೆಲ್ಲು ಹೊಡೆಯುವ ಹೊತ್ತಿಗೆ, ಅಡಿಗೆಮನೆಯ ಹೊಸ್ತಿಲ ಮೇಲೆ ಬಂದು ಕೂರುತ್ತಿದ್ದಳು. ಒಂದು ಗಂಟೆಯ ತನಕ ಹಾಗೇ ಕೂತಿದ್ದು ಎದ್ದು ಹೋಗುತ್ತಿದ್ದಳು. ಅಲ್ಲಿ ಏನು ನೋಡುತ್ತಾಳೆಂದು ನಾನು ಕೇಳಲಿಲ್ಲ. ಎದುರಿಗಿದ್ದದ್ದು ಗೋಡೆ.

ಆ ಗೋಡೆಗೆ ಒಂದು ಸ್ಟೂಲು ಹಾಕಿ ತೊಟ್ಟಿ ಇಟ್ಟೆ. ಗೋಡೆಗಿಂತ ಮೀನು ಮೇಲಲ್ಲವೆ?

ಅವು ಹೆಬ್ಬೆರಳುದ್ದದ, ಬೂದು ಬಣ್ಣದ, ದಪ್ಪ ತಲೆಯ ಮೀನುಗಳು. ಬಾಯಿಯ ಎರಡೂ ಕಡೆ ಸಣ್ಣ ಸಣ್ಣ ಮೀಸೆ. ಉಸುಕಿಗೆ ಮೀಸೆ ತಾಗಿಸುತ್ತ, ಮೂತಿ ಹುಗಿದು ಕೆದಕುತ್ತ ತಳದಲ್ಲೇ ಓಡಾಡುತ್ತಿದ್ದವು. ಅವ್ವ ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

‘ಬಂಗಾರದ ಬಣ್ಣದವು ಇದ್ದಿದ್ದಿಲ್ಲೇನ್ಲೇ?’

‘ಇದ್ವು ಬೇ. ಅವಕ್ಕ ಮೀಸಿ ಇದ್ದಿದ್ದಿಲ್ಲ.’

‘ನಿನಗ ಸರಿಯಾಗಿ ಬಂದಿಲ್ಲಂತ ಮೀಸಿ ಇದ್ದವ್ನ ತಂದಿಯೇನು?’

ಅಷ್ಟು ಹೇಳಿ ಅವಳು ಒಳಗೆ ಹೋಗಿಬಿಡುತ್ತಿದ್ದಳೋ ಏನೋ. ಅದೇ ಹೊತ್ತಿಗೆ ಒಂದು ಮೀನು ತಳದಿಂದ ಬಾಣದಂತೆ ನೆಟ್ಟಗೆ ಮೇಲೆ ಹಾರಿ ಬಂತು. ನೀರಿನ ಮೇಲ್ಮೈಗೆ ಬಾಯಿ ತಾಗಿಸಿ, ಗುಳುಕ್ ಎಂದು ಏನೋ ನುಂಗಿ, ಬಂದಷ್ಟೇ ಬೇಗ ತಿರುಗಿ ಕೆಳಗೆ ಹೋಗಿ ಉಸುಕಿನ ಮೇಲೆ ಏನೂ ಆಗಿಲ್ಲವೆಂಬಂತೆ ಕೂತುಬಿಟ್ಟಿತು. ನನ್ನ ಬಾಯಿ ಸುಮ್ಮನಿರಬೇಕಲ್ಲ. ನಾಲ್ಕನೇ ಇಯತ್ತೆಯ ಹುಡುಗನ ಎಳೆಯ ದನಿ ತೆಗೆದು, ‘ಯವ್ವಾ, ಇನ್ನೊಂದು ಸೌಟು ಹಾಕವ್ವಾ!’ ಎಂದೆ.

ಅವ್ವ ನಕ್ಕಳು. ದೇವದುರ್ಗ ಬಿಟ್ಟ ಮೇಲೆ ಅವಳು ಹಾಗೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದು ನಾನು ನೋಡಿರಲಿಲ್ಲ. ಮತ್ತೊಂದು ಮೀನು ಮೇಲೆ ಬಂತು. ಅದಕ್ಕೆ ಗಂಟಲು ಸರಿಮಾಡಿಕೊಂಡು ಮಾತಾಡುವ ಅವಳ ಶಾಲೆಯ ಹಳೆಯ ಮಾಸ್ತರರ ದನಿ ಕೊಟ್ಟೆ: ‘ಹ್ಞೂಂ... ಸಾರಿನ್ಯಾಗ ಉಪ್ಪು ಸರಿ ಅದನೋ ಇಲ್ಲೋ ಅಂತ ನೋಡಾಕ ಬಂದೀನ್ರೀ, ಒಂಚೂರು ಹಾಕ್ರಿ.’ ಮೂರನೆಯದು ನಮ್ಮ ಮನೆ ಮಾಲೀಕರು, ನಾಲ್ಕನೆಯದು ಅಕ್ಕ. ಐದನೆಯದಕ್ಕೆ ನನ್ನದೇ ದನಿ ಕೊಡೋಣವೆಂದರೆ ನನ್ನ ಸ್ವಂತ ದನಿ ಯಾವುದೆಂದು ತಟ್ಟನೆ ನೆನಪಾಗಲಿಲ್ಲ. ಅದನ್ನು ಮೂಕ ಮಾಡಿ ಬಿಟ್ಟೆ.

ಅವ್ವ ನಾಲ್ಕು ಕಾಳು ಹಾಕಿದಳು. ಮೀನು ತಿಂದವು. ಸ್ವಲ್ಪ ಹೊತ್ತಿಗೆ ಒಂದು ಮತ್ತೆ ಮೇಲೆ ಬಂತು.

‘ಯವ್ವಾ, ಅವಂಗ ಹಾಕ್ದಿ, ನನಗಿಲ್ಲೇನು?’

‘ತಡಿಯಪಾ ತಡಿ, ಹಾಕಾಕತ್ತೀನಿ.’

ಇಲ್ಲಿ ಅವ್ವನ ಕೆಲಸದ ಒಂದು ರೀತಿಯನ್ನು ಹೇಳಬೇಕು. ತಾಟು ಹಿಡಿದು ಎರಡನೇ ಸಲ ಬಂದ ಮಗುವನ್ನು ಅವಳು ಎಂದೂ ಏನೂ ಕೇಳುತ್ತಿರಲಿಲ್ಲ. ‘ಆಗಲೇ ಹಾಕಿದ್ದೆನಲ್ಲ’ ಎನ್ನುವಂತಿಲ್ಲ, ಮುಖ ದುರುಗುಟ್ಟಿ ನೋಡುವಂತಿಲ್ಲ, ಸೌಟು ಅರ್ಧ ಮಾಡುವಂತಿಲ್ಲ. ಬಂದರೆ ಹಾಕುವುದು. ಹೊಸದಾಗಿ ಸೇರಿದ ಸಹಾಯಕಿಯರಿಗೆ ಅವಳು ಮೊದಲು ಕಲಿಸುತ್ತಿದ್ದದ್ದೂ ಇದನ್ನೇ. ಈಗ ಗಾಜಿನ ತೊಟ್ಟಿಯಲ್ಲಿ ಐದು ಮಂದಿ ದಿನಕ್ಕೆ ಎಷ್ಟು ಸಲ ಬಂದರೂ ಅದೇ ನಿಯಮ ನಡೆಯಿತು. ಹನ್ನೆರಡೂವರೆಗೆ ಹೊಸ್ತಿಲ ಮೇಲೆ ಬಂದು ಕೂರುವಾಗ ಅವಳ ಕೈಯಲ್ಲಿ ಈಗ ಒಂದು ಬಟ್ಟಲು ಇರುತ್ತಿತ್ತು. ಕಾಳಿನ ಪೊಟ್ಟಣ ಒಂಬತ್ತೇ ದಿನಕ್ಕೆ ಖಾಲಿ. ಆಮೇಲೆ ನೀರಲ್ಲಿ ನೆನೆಸಿ ಹಿಂಡಿದ ಜೋಳದ ರೊಟ್ಟಿ ಬಂತು, ಮೆತ್ತಗೆ ಬೆಂದ ತೊಗರಿಬೇಳೆ ಬಂತು, ಒಂದು ದಿನ ಹುಣ್ಣಿಮೆಯೆಂದು ಸಜ್ಜಕವೂ ಬಂತು.

‘ಅವಕ್ಕ ಸಿಹಿ ಯಾಕ ಬೇ?’

‘ಮಂದಿ ಎಲ್ಲಾ ಸಿಹಿ ಉಣ್ಣೋ ಮುಂದ ಅವು ನೋಡಕೋತ ಕುಂದರಬೇಕೇನು?’

ಅವ್ವ ಹಾಡಿಕೊಂಡು ಕಸ ಗುಡಿಸತೊಡಗಿದಳು. ನಾನು ಸಂಜೆ ಬಂದಾಗ ಮೀನುಗಳ ಸುದ್ದಿಯೇ ಸುದ್ದಿ. ‘ಇವತ್ತು ಮಾಸ್ತರ್ರು ಹದಿನಾಕು ಸಲ ಬಂದ್ರು ನೋಡು. ಮನಿ ಮಾಲೀಕ್ರು ಬರೇ ಆರು ಸಲ, ಮೈಯಾಗ ಹುಷಾರಿಲ್ಲೇನೊ.’ ಮಾನ್ವಿಯಲ್ಲಿ ಅಕ್ಕ ಹೊಸ ಮನೆ ಕಟ್ಟಿಸಿದ್ದಳು. ಅದರ ಪ್ರವೇಶದ ದಿನ ಇನ್ನೂರು ಮಂದಿಗೆ ಅಡಿಗೆ ಅವ್ವನೇ ಮಾಡಬೇಕು, ಅವ್ವನೇ ಬಡಿಸಬೇಕೆಂದು ಅಕ್ಕನ ಹಟ. ಮೊದಲು ‘ನೋಡೋಣ’ ಎಂದಿದ್ದ ಅವ್ವ ಈಗ ತಾನೇ ಫೋನು ಮಾಡಿ, ಗೋಧಿ ಹುಗ್ಗಿಗೆ ಗೋಧಿ ಯಾವ ಅಂಗಡಿಯದು ತರಬೇಕು, ಬೆಲ್ಲ ಎಷ್ಟು ಎಂದೆಲ್ಲ ಹೇಳಿದಳು. ನನಗೆ ನನ್ನ ಮೇಲೆ ಎಷ್ಟು ಅಭಿಮಾನ ಬಂತೆಂದರೆ, ದಾರಿಯಲ್ಲಿ ಆಟೋ ಮೈಕಿನಿಂದ ನಾನೇ ಸೀರೆ ಮಾರುವುದು ಕೇಳಿಸಿದಾಗ ನಿಂತು ಪೂರ್ತಿ ಕೇಳಿ ಬಂದೆ.

ಆದರೆ ಬಿಸಿಲು ಏರಿತು. ರಾಯಚೂರಿನ ಬೇಸಿಗೆ, ಡ್ರಮ್ಮಿನ ನೀರಲ್ಲೇ ಸ್ನಾನಕ್ಕೆ ಬೇಕಾದಷ್ಟು ಬಿಸಿ ಇರುತ್ತದೆ. ತೊಟ್ಟಿಯ ನೀರು ಮೊದಲು ಮಬ್ಬಾಯಿತು, ಆಮೇಲೆ ಗಂಜಿಯಂತಾಯಿತು. ಒಂಥರಾ ಹುಳಿ ವಾಸನೆ. ಮೀನುಗಳು ಮೇಲೆ ಬರುವುದು ಮಾತ್ರ ಹೆಚ್ಚುತ್ತಲೇ ಹೋಯಿತು. ಮೊದಲು ಗಂಟೆಗೆ ನಾಲ್ಕೈದು ಸಲ ಬರುತ್ತಿದ್ದವು, ಈಗ ಒಂದು ಕೆಳಗಿಳಿಯುವುದರೊಳಗೆ ಇನ್ನೊಂದು ಮೇಲೆ. ಭಾನುವಾರ ಬೆಳಿಗ್ಗೆ ಅವುಗಳ ಮುಂದೆ ಕೂತು ದನಿ ಕೊಡತೊಡಗಿದವನು ಹತ್ತು ಗಂಟೆಗೆ ಸೋತೆ. ಮಾಸ್ತರರ ದನಿ ಮುಗಿಯುವುದರೊಳಗೆ ಅಕ್ಕ ಬಂದಿರುತ್ತಿದ್ದಳು, ಅಕ್ಕನ ಮಾತಿನ ಮಧ್ಯೆ ಮಾಲೀಕರು. ನನ್ನ ಗಂಟಲು ಕಟ್ಟಿಹೋಯಿತು. ಸುಮ್ಮನಾದೆ.

ಅವ್ವ ತೊಟ್ಟಿಯನ್ನೇ ನೋಡುತ್ತ ಹೇಳಿದಳು: ‘ನೋಡ್ಲೇ. ಈಗ ಕೇಳಾಕೂ ಶಕ್ತಿ ಇಲ್ಲ ಅವಕ್ಕ.’

ಮಾತಾಡುತ್ತಿದ್ದದ್ದು ನಾನೆಂದು ಅವಳಿಗೆ ಗೊತ್ತಿಲ್ಲವೆಂದಲ್ಲ. ಗೊತ್ತಿತ್ತು. ಆದರೂ ಬಾಯಿ ತೆರೆದುಕೊಂಡು ಬಂದು, ಮಾತಿಲ್ಲದೆ ವಾಪಸು ಹೋಗುವ ಆ ಐದು ಮುಖಗಳನ್ನು ನೋಡಿ ಅವಳು ಎದ್ದು ಹೋಗಿ ಮತ್ತೊಂದು ರೊಟ್ಟಿ ನೆನೆಸಿದಳು.

ಮರುದಿನ ಬೆಳಿಗ್ಗೆ ಮಾಲೀಕರ ಮೀನು ಉಸುಕಿನ ಮೇಲೆ ಒಂದು ಮಗ್ಗುಲಿಗೆ ಒರಗಿಕೊಂಡಿತ್ತು. ಕಿವಿರುಗಳು ಬಡಬಡ ಬಡಿದುಕೊಳ್ಳುತ್ತಿದ್ದವು. ಅವ್ವ ನನ್ನನ್ನು ಕರೆಯಲಿಲ್ಲ. ನಾನಾಗೇ ಎದ್ದು ಬಂದು ನೋಡಿದಾಗ ಅವಳು ಹೊಸ್ತಿಲ ಮೇಲೆ ಕೂತಿದ್ದಳು, ಕೈಯಲ್ಲಿ ಬಟ್ಟಲಿರಲಿಲ್ಲ.

‘ನಾ ಹಾಕಿದ್ದು ಸಾಲಲಿಲ್ಲ’ ಎಂದಳು.

‘ಅಷ್ಟು ಹಾಕೀಯಲ್ಲ ಬೇ...’

‘ಅಷ್ಟು ಹಾಕಿದ್ರೂ ಹಸಗೊಂಡು ಹಿಂಗ ಬಿದ್ದದಂದ್ರ, ನನ್ನ ಕಣ್ಣು ಹೋದ್ವು ಅಂತ ಅರ್ಥ. ಯಾರಿಗೆ ಎಷ್ಟು ಹಸಿವಿ ಅಂತ ಬಾಯಿ ನೋಡಿ ಹೇಳ್ತಿದ್ನೆಪಾ. ಅದು ಬಿಟ್ರ ನನಗ ಇನ್ನೇನೂ ಬರ್ತಿದ್ದಿಲ್ಲ.’ ಸೆರಗಿಗೆ ಕೈ ಒರೆಸಿಕೊಂಡು, ‘ನಿಮ್ಮಕ್ಕಗ ಹೇಳಿಬಿಡು. ಅಡಿಗಿಗೆ ಬ್ಯಾರೆ ಮಂದೀನ ಹಚ್ಚಲಿ. ನಾ ಬರಂಗಿಲ್ಲ, ಸೌಟು ಹಿಡಿಯಂಗಿಲ್ಲ’ ಎಂದಳು.

ಜಗಳದ ದನಿಯಲ್ಲಿ ಹೇಳಿದ್ದರೆ ನಾನು ಅಣಕಿಸಿ ನಗಿಸಿಬಿಡುತ್ತಿದ್ದೆ. ಅವಳು ತಣ್ಣಗೆ ಹೇಳಿದಳು. ತಣ್ಣಗಿನ ದನಿಯನ್ನು ಅಣಕಿಸಲು ಬರುವುದಿಲ್ಲ.

ಅಕ್ಕನಿಗೆ ಇದನ್ನು ಹೇಳುವ ಧೈರ್ಯ ನನ್ನ ದನಿಗೆ ಇರಲಿಲ್ಲ. ಆದ್ದರಿಂದ ಓಣಿಯ ತುದಿಗೆ ಹೋಗಿ ನಿಂತು, ಅವ್ವನ ಫೋನಿನಿಂದ ಅವ್ವನ ದನಿಯಲ್ಲೇ ಮಾತಾಡಿದೆ: ‘ಯವ್ವಾ ಮಗಳ, ನನಗ ಮೊಣಕಾಲು ಭಾಳ ನೋಯಾಕತ್ತಾವ, ಅಡಿಗಿಗೆ ಬರಾಕ ಆಗಂಗಿಲ್ಲ...’

ಆ ಕಡೆಯಿಂದ ಅಕ್ಕ ಹೇಳಿದಳು: ‘ಲೇ, ಯವ್ವ ಫೋನ್ ಹಚ್ಚಿದ್ರ ಮೊದ್ಲು ‘ಉಂಡಿಯೇನು’ ಅಂತ ಕೇಳ್ತಾಳ. ಸುಮ್ನ ಬಸ್ ಹತ್ತಿ ಬಾ.’

ಹತ್ತಿ ಹೋದೆ. ಮಾನ್ವಿಯ ಹೊಸ ಮನೆಯಲ್ಲಿ ಬಣ್ಣದ ವಾಸನೆ. ಅಕ್ಕ ಬಾಗಲವಾಡದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಶಾಲೆಯಿಂದ ಆಗತಾನೆ ಬಂದು ಬಾಗಿಲಿಗೆ ಬಣ್ಣ ಬಳಿಯುವವರ ತಲೆ ತಿನ್ನುತ್ತಿದ್ದಳು. ನನ್ನನ್ನು ಒಂದು ಸಿಮೆಂಟ್ ಚೀಲದ ಮೇಲೆ ಕೂರಿಸಿ, ‘ಹೇಳು. ಎಲ್ಲಾರ ದನಿ ತಗದು ಹೇಳಿದ್ರ ಹಲ್ಲು ಮುರೀತೀನಿ’ ಎಂದಳು.

ದನಿ ತೆಗೆಯದೆ ಹೇಳಲು ಪ್ರಯತ್ನಿಸಿದೆ. ಮೂರು ವಾಕ್ಯಕ್ಕೇ ಕತೆ ಮುಗಿದುಹೋಯಿತು. ಅವಳಿಗೆ ಏನೂ ಅರ್ಥವಾಗಲಿಲ್ಲ. ‘ಹಾಳಾಗಿ ಹೋಗಲಿ, ನಿನಗ ಹೆಂಗ ಬರ್ತದೋ ಹಂಗ ಹೇಳು’ ಎಂದಳು. ನಾನು ಅಂಗಡಿಯಿಂದಲೇ ಶುರು ಮಾಡಿದೆ. ಹಲ್ಲಿನ ಸಂದಿ, ಸೀಟಿ, ಎಲ್ಲ ಸಮೇತ ಅಂಗಡಿಯವನಾದೆ:

‘ದೇಖೋ ಭಾಯ್, ಈ ಮೀಸಿ ಮೀನು ಆವಾಗಾವಾಗ ಮ್ಯಾಲ ಬರ್ತಾವ, ಘಾಬ್ರಿ ಆಗಬ್ಯಾಡ್ರಿ. ಸಮ್ಝೇ? ಹವಾ ಕುಡಿಲಿಕ್ಕ ಬರ್ತಾವ. ಊಟಕ್ಕ ಅಲ್ಲ. ಇವಕ್ಕ ಊಟ ಕೆಳಗ, ಉಸುಕಿನ್ಯಾಗ. ಸಮ್ಝೇ? ಥೋಡಾ ಹಾಕ್ರಿ, ದಿನಕ್ಕ ಒಮ್ಮಿ. ಜಾಸ್ತಿ ಹಾಕಿದ್ರ ನೀರು ಖರಾಬ್, ನೀರು ಖರಾಬ್ ಆದ್ರ ಅದರಾಗಿನ ಹವಾ ಕಮ್ಮಿ, ಹವಾ ಕಮ್ಮಿ ಆದ್ರ ಇನ್ನಾ ಜಾಸ್ತಿ ಮ್ಯಾಲ ಬರ್ತಾವ. ಸಮ್ಝೇ?’

ಬಣ್ಣ ಬಳಿಯುವವರು ನಕ್ಕರು. ಅಕ್ಕ ನಗಲಿಲ್ಲ.

‘ಏನಂದಿ? ಇನ್ನೊಮ್ಮಿ ಅನ್ನು.’

‘ಯಾವುದು?’

‘ಈಗ ಅಂದ್ಯಲ್ಲ, ಹವಾ ಅಂತ.’

‘ನಾನೆಲ್ಲಿ ಅಂದೆ? ಅವ ಅಂದಿದ್ದು.’

‘ಅವ ಏನಂದ?’

ನನಗೆ ಗೊತ್ತಿರಲಿಲ್ಲ. ನಿಜವಾಗಿಯೂ. ದನಿಯ ಒಳಗೆ ಮಾತುಗಳು ಸುತ್ತಿಕೊಂಡು ಬಂದಿದ್ದವು. ದನಿ ಬಿಚ್ಚಿದರೆ ಮಾತ್ರ ಅವು ಹೊರಬೀಳುತ್ತಿದ್ದವು. ನಡುವಿನಿಂದ ಹೇಳೆಂದರೆ ಬರಲಿಲ್ಲ. ‘ದೇಖೋ ಭಾಯ್’ನಿಂದ ಮತ್ತೆ ಶುರು ಮಾಡಬೇಕಾಯಿತು. ಅಕ್ಕ ಅದನ್ನು ಮೂರು ಸಲ ಹೇಳಿಸಿದಳು. ಮೂರನೇ ಸಲ ನನಗೇ ಕೇಳಿಸಿತು. ಸೀಟಿ ನನ್ನ ಬಾಯಲ್ಲೇ ನಿಂತಿತು.

‘ಎಲ್ಲಾ ಹೇಳ್ಯಾನ ಆ ಪುಣ್ಯಾತ್ಮ’ ಅಕ್ಕ ಹಣೆ ಹಿಡಿದುಕೊಂಡಳು. ‘ಲೇ, ಅವು ಕಿವಿರಿನಿಂದ ಉಸಿರಾಡ್ತಾವ, ಅದು ಸಾಲದಿದ್ರ ಮ್ಯಾಲ ಬಂದು ಒಂದು ಗುಟುಕು ಗಾಳಿ ನುಂಗ್ತಾವ. ಆ ಗಾಳಿ ಕರುಳಿಗೆ ಹೋಗಿ, ಅಲ್ಲಿಂದ ರಕ್ತಕ್ಕ ಸೇರ್ತದ. ಆರಾಮ ಇದ್ದಾಗ್ಲೂ ಬರ್ತಾವ, ಆದ್ರ ಕಮ್ಮಿ. ನೀವು ರೊಟ್ಟಿ ಹಾಕಿದ್ರಿ, ರೊಟ್ಟಿ ಕೊಳೀತು, ಗಾಳಿ ಕಮ್ಮಿ ಆತು, ಅವು ಮತ್ತ ಬಂದ್ವು, ನೀವು ಮತ್ತ ರೊಟ್ಟಿ ಹಾಕಿದ್ರಿ. ಉಸಿರು ಕಟ್ಟಿದವನ ಬಾಯಿಗೆ ತುತ್ತು ತುರಕಿದಂಗ!’

‘ಯವ್ವಗ ಯಾರು ಹೇಳಬೇಕು?’

‘ನೀನ. ನಿನ್ನ ದನಿಯಾಗ.’

ಮಾನ್ವಿಯಿಂದ ರಾಯಚೂರಿನ ತನಕ ಬಸ್ಸಿನಲ್ಲಿ ನನ್ನ ದನಿಯನ್ನು ಹುಡುಕುತ್ತ ಬಂದೆ. ಪಕ್ಕದಲ್ಲಿ ಕೂತ ಯಜಮಾನರು ನಾನು ತುಟಿ ಅಲ್ಲಾಡಿಸುವುದನ್ನು ನೋಡಿ ಹಿಂದಿನ ಸೀಟಿಗೆ ಹೋದರು. ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಮೊದಲು ಮೀನಿನಂಗಡಿಗೆ ಹೋಗಿ ಹೊಸದೊಂದು ಕಾಳಿನ ಪೊಟ್ಟಣ, ಗಾಳಿ ಊದುವ ಸಣ್ಣ ಮೋಟರು ಕೊಂಡೆ. ಮೋಟರನ್ನು ಮೊದಲ ದಿನವೇ ಅವನು ತೋರಿಸಿದ್ದನಂತೆ. ಅದರ ಗುಂಯ್ ಸದ್ದು ನನ್ನ ರೆಕಾರ್ಡಿಂಗಿಗೆ ಅಡ್ಡ ಬರುತ್ತದೆಂದು ನಾನೇ ಬೇಡವೆಂದಿದ್ದೆನಂತೆ. ‘ಹೇಳಿದ್ನಲ್ಲ ಭಾಯ್’ ಎಂದ ಅವನು, ಸೀಟಿ ಹೊಡೆಯುತ್ತ. ಈ ಸಲ ಮಾತನ್ನಷ್ಟೇ ತೆಗೆದುಕೊಂಡು, ಸೀಟಿಯನ್ನು ಅವನಿಗೇ ಬಿಟ್ಟು ಬಂದೆ.

ಅವ್ವ ಹೊಸ್ತಿಲ ಮೇಲೇ ಇದ್ದಳು. ಮೀನು ಇನ್ನೂ ಒರಗಿಕೊಂಡೇ ಇತ್ತು. ನಾನು ಅವಳ ಎದುರು ಕೂತು, ಅಣಕವಿಲ್ಲದೆ, ರಾಗವಿಲ್ಲದೆ ಹೇಳಿದೆ: ಅವಕ್ಕೆ ಹಸಿವಾಗಿರಲಿಲ್ಲ, ಗಾಳಿ ಬೇಕಿತ್ತು, ಅಂಗಡಿಯವನು ಹೇಳಿದ್ದ, ನಾನು ಕೇಳಿಸಿಕೊಂಡಿರಲಿಲ್ಲ, ಹಸಿವಿನ ಮಾತುಗಳೆಲ್ಲ ನಾನು ಕಟ್ಟಿದ್ದು. ಅವ್ವ ಪೂರ್ತಿ ಕೇಳಿದಳು. ಬೈಯುತ್ತಾಳೆಂದು ಕಾದೆ. ಅವಳು ಸೆರಗು ಸೊಂಟಕ್ಕೆ ಸಿಗಿಸಿ ಎದ್ದಳು.

‘ಮುಂದೇನು ಮಾಡಬೇಕಂತ ಹೇಳ್ಯಾಳ ನಿಮ್ಮಕ್ಕ?’

ಮಾಡಬೇಕಾದದ್ದು ಹೆಚ್ಚೇನಿರಲಿಲ್ಲ. ತಳದ ಕೊಳೆಯನ್ನು ಪೈಪಿನಿಂದ ಎಳೆದು ತೆಗೆಯಬೇಕು. ಅರ್ಧದಷ್ಟು ನೀರು ಬದಲಿಸಬೇಕು, ಆಗತಾನೆ ಬಂದ ನಲ್ಲಿ ನೀರಿನಿಂದಲ್ಲ, ಔಷಧಿ ವಾಸನೆ ಹೋಗುವಷ್ಟು ಹೊತ್ತು ನಿಂತ ನೀರಿನಿಂದ. ನಮ್ಮ ಮನೆಯಲ್ಲಿ ನಿಂತ ನೀರಿಗೇನು ಬರ. ನಲ್ಲಿ ಬಂದ ದಿನ ತುಂಬಿಟ್ಟ ಡ್ರಮ್ಮು ಇತ್ತು, ರಾತ್ರಿಯ ಹೊತ್ತಿಗೆ ಅದರ ಬಿಸಿಯೂ ಆರಿತ್ತು. ಪೈಪಿನ ಒಂದು ತುದಿ ತೊಟ್ಟಿಯಲ್ಲಿ, ಇನ್ನೊಂದು ತುದಿಯನ್ನು ಬಾಯಲ್ಲಿಟ್ಟು ಎಳೆಯಬೇಕು, ನೀರು ಬರುವ ಮೊದಲೇ ಬಾಯಿಂದ ತೆಗೆಯಬೇಕು. ನಾನು ತೆಗೆಯಲಿಲ್ಲ. ಹದಿನೈದು ದಿನದ ರೊಟ್ಟಿ, ಬೇಳೆ, ಸಜ್ಜಕ ಎಲ್ಲ ಕೊಳೆತು ಕಲಸಿದ ನೀರು ಬಾಯಿ ತುಂಬ ಬಂತು. ನಾನು ಬಚ್ಚಲಿಗೆ ಓಡಿ ಉಗುಳುತ್ತಿದ್ದರೆ ಹಿಂದಿನಿಂದ ಅವ್ವ ಕೇಳಿದಳು:

‘ಸಾಕೇನಪಾ, ಇನ್ನೊಂದು ಸೌಟು ಬೇಕೊ?’

ಬಚ್ಚಲ ಗೋಡೆ ಹಿಡಿದುಕೊಂಡು ನಾನು ನಕ್ಕೆ. ಅವ್ವನೂ ನಕ್ಕಳು. ಮೋಟರು ಹಚ್ಚಿದೆವು. ತೊಟ್ಟಿಯಲ್ಲಿ ಗುಳ್ಳೆಗಳು ಸಾಲಾಗಿ ಏಳತೊಡಗಿದವು.

ಇನ್ನು ಉಳಿದದ್ದೊಂದೇ. ಎರಡು ದಿನ ಏನೂ ಹಾಕುವಂತಿಲ್ಲ. ಅವ್ವನಿಗೆ ಇದಕ್ಕಿಂತ ಕಷ್ಟದ ಕೆಲಸವನ್ನು ಯಾರೂ ಕೊಟ್ಟಿರಲಿಲ್ಲ. ಮೊದಲ ದಿನ ಹನ್ನೆರಡೂವರೆಗೆ ಅವಳು ತೊಟ್ಟಿಯ ಮುಂದೆ ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಳು. ಮಾಸ್ತರು ಮೇಲೆ ಬಂದು ಹೋದರು. ಅವಳ ಮೊಣಕೈ ಅಲ್ಲಾಡಿತು. ಕೈ ಹೊರಗೆ ಬರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ‘ಉಸಿರು ಬಿಟ್ಟಿ ನೋಡು!’ ಎಂದಳು. ನಾನೂ ನನ್ನ ಬಾಯಿಯನ್ನು ಕೈಯಿಂದ ಮುಚ್ಚಿಕೊಂಡು ಕೂತೆ. ಮನೆ ಮಾಲೀಕರು, ಅಂದರೆ ಮೀನಲ್ಲ, ನಿಜವಾದ ಮಾಲೀಕರು, ನೀರಿನ ಮೋಟರಿನ ವಿಷಯಕ್ಕೆ ಬಂದವರು, ತಾಯಿ ಮಗ ಹೀಗೆ ಕೈ ಬಾಯಿ ಕಟ್ಟಿಕೊಂಡು ಮೀನಿನ ಎದುರು ಕೂತದ್ದನ್ನು ನೋಡಿ, ಯಾವುದೋ ಪೂಜೆಯಿರಬೇಕೆಂದು ಚಪ್ಪಲಿ ಬಿಟ್ಟು ಒಳಗೆ ಬಂದರು.

ಸುಮ್ಮನೆ ನೋಡುವುದರಲ್ಲಿ ಅವ್ವನಿಗೆ ಏನೋ ಕಾಣತೊಡಗಿತು. ಎರಡನೆಯ ದಿನ ಅವಳು ಗಾಜಿಗೆ ಮುಖ ಹತ್ತಿರ ತಂದು, ತನ್ನಷ್ಟಕ್ಕೇ ಹೇಳುವಂತೆ ಹೇಳಿದಳು:

‘ಇದು ಹಸಿವಿ ಅಲ್ಲ. ಹಸಿದದ್ದು ಹಿಂಗ ಓಡಿ ಬಂದು, ತಿರುಗಿ ನೋಡದ ಹೋಗಂಗಿಲ್ಲ. ಹಸಿದದ್ದು ನಿಂದರ್ತದ.’ ಆಮೇಲೆ ಗಾಜಿನಿಂದ ಮುಖ ತೆಗೆದು, ‘ತಾಟು ಹಿಡ್ಕೊಂಡು ಓಡಿ ಬರೋ ಹುಡುಗ್ರು ಎಲ್ಲಾರೂ ಹಸಿದು ಬರ್ತಿದ್ದಿಲ್ಲಪಾ. ಹಾಕ್ತಿದ್ದೆ, ಅದು ಬ್ಯಾರೆ. ಖರೇ ಹಸಿದವರು ಹಿಂದ ಗ್ವಾಡಿಗಿ ಹತ್ತಿ ಕುಂತು, ತಾಟಿನ್ಯಾಗ ಬೆರಳಾಡಿಸಿಕೋತ ಇರ್ತಿದ್ರು. ಬಾಯಿ ಬಿಡ್ತಿದ್ದಿಲ್ಲ. ನಾನ ಬಕೀಟ ತಗೊಂಡು ಹೋಗ್ತಿದ್ದೆ ಅವರ ಹತ್ರ’ ಎಂದಳು.

‘ಮತ್ತ ಇವುಗಳ ವಿಷಯದಾಗ...’

‘ಇವುಗಳ ಮಾರಿ ನಾ ನೋಡೇ ಇಲ್ಲ. ನಿನ್ನ ದನಿ ಕೇಳಿಕೋತ ಕುಂತಿದ್ದೆ.’

ಮೂರನೆಯ ದಿನ ಬೆಳಿಗ್ಗೆ ಮಾಲೀಕರ ಮೀನು ನೆಟ್ಟಗಾಗಿ ಉಳಿದ ನಾಲ್ಕರ ಜೊತೆ ಉಸುಕು ಕೆದಕುತ್ತಿತ್ತು. ನೀರಲ್ಲಿ ಗೋಡೆಯ ಬಣ್ಣ ಕಾಣುತ್ತಿತ್ತು. ಮೇಲೆ ಬರುವುದು ಪೂರ್ತಿ ನಿಂತಿರಲಿಲ್ಲ. ಬಹಳ ಹೊತ್ತಿಗೊಂದು ಸಲ ಒಂದು ಹಾರಿ ಬಂದು, ಗುಳುಕ್ಕೆಂದು ನುಂಗಿ, ಹೋಗುತ್ತಿತ್ತು. ಅವ್ವ ಈಗ ಅದಕ್ಕೆ ಅಲ್ಲಾಡಲಿಲ್ಲ. ಐದೇ ಐದು ಕಾಳು ಹಾಕಿದಳು. ಕಾಳುಗಳು ತಳಕ್ಕಿಳಿದವು. ಮೀನುಗಳು ಕಣ್ಣಿನಿಂದ ಹುಡುಕಲಿಲ್ಲ. ಮೀಸೆಯಿಂದ ಉಸುಕನ್ನು ತಡವುತ್ತ ಬಂದು, ಕಾಳು ತಾಗಿದ ಕೂಡಲೇ ಅಲ್ಲೇ ನಿಂತು, ಬಾಲ ಮೇಲೆತ್ತಿ, ಇಡೀ ಮೈಯಿಂದ ಉಂಡವು.

‘ಹ್ಞಾಂ’ ಎಂದಳು ಅವ್ವ. ‘ಇದು ನೋಡು ಊಟ.’

ಅವು ಉಂಡು ಮುಗಿಸುವ ತನಕ ಕಾದು, ಉಸುಕಿನ ಮೇಲೆ ಏನೂ ಉಳಿದಿಲ್ಲವೆಂದು ಬಗ್ಗಿ ನೋಡಿ, ಪೊಟ್ಟಣದ ಬಾಯಿ ಮಡಚಿ ಮೇಲಿಟ್ಟಳು. ಆಮೇಲೆ ನನ್ನತ್ತ ತಿರುಗದೆ ಕೇಳಿದಳು: ‘ನಿಮ್ಮಕ್ಕ ಹುಗ್ಗಿಗೆ ಗೋಧಿ ನೆನಿಹಾಕಾಕ ಮಂದೀನ ಹಚ್ಚ್ಯಾಳೋ, ಇಲ್ಲಾ ಅದಕ್ಕೂ ನಾನ ಹೋಗಬೇಕೋ?’

ನಾನು ಓಣಿಗೆ ಓಡಿ, ಅಕ್ಕನಿಗೆ ಫೋನು ಮಾಡಿ, ಅವ್ವನ ದನಿಯಲ್ಲಿ ‘ಉಂಡಿಯೇನು?’ ಎಂದೆ. ಅಕ್ಕ ಬೈಯುವ ಮೊದಲು ಅತ್ತಳು, ಆಮೇಲೆ ಬೈದಳು.

ಪ್ರವೇಶದ ದಿನ ಮಾನ್ವಿಯಲ್ಲಿ ಬುದ್ಧ ವಂದನೆ ಮುಗಿಯುವಷ್ಟರಲ್ಲಿ ಹಿತ್ತಲಿನಿಂದ ಹುಗ್ಗಿಯ ಘಮ ಮನೆಯೆಲ್ಲ ತುಂಬಿತ್ತು. ಮೀನುಗಳನ್ನು ರಾಯಚೂರಿನಲ್ಲೇ ಬಿಟ್ಟು ಬಂದಿದ್ದೆವು. ಎರಡು ದಿನಕ್ಕೆ ಅವಕ್ಕೇನೂ ಆಗುವುದಿಲ್ಲ ಎಂದು ಧೈರ್ಯ ಹೇಳಿದ್ದು ಅವ್ವ, ನನಗೆ. ಶಾಮಿಯಾನದ ಕೆಳಗೆ ಸಾಲು ಸಾಲು ಮಂದಿ ಕೂತರು. ಅವ್ವ ಸಾರಿನ ಬಕೀಟು ಹಿಡಿದು ಮೊದಲ ಸಾಲಿನಿಂದ ಶುರು ಮಾಡುತ್ತಾಳೆಂದು ನೋಡಿದರೆ ಇಲ್ಲ. ನೆಟ್ಟಗೆ ಕೊನೆಯ ಸಾಲಿಗೆ ನಡೆದಳು. ಅಲ್ಲಿ ಬಾಗಿಲಿಗೆ ಬಣ್ಣ ಬಳಿದ ಇಬ್ಬರು ಕಂಬಕ್ಕೆ ಒರಗಿ, ಕರೆದರೆ ಉಣ್ಣೋಣ, ಇಲ್ಲದಿದ್ದರೆ ಹೋಗೋಣ ಎನ್ನುವಂತೆ ಕೂತಿದ್ದರು. ಅವರ ತಾಟು ತುಂಬಿಸಿ, ‘ತಲಿ ಎತ್ತಬ್ಯಾಡ್ರಿ, ಉಣ್ರಿ’ ಎಂದು ಹೇಳಿ ಉಳಿದ ಸಾಲುಗಳಿಗೆ ಬಂದಳು.

ಬಾಗಲವಾಡದಿಂದ ಬಂದ, ಅಕ್ಕನ ಗಂಡನ ಕಡೆಯ ಬೀಗರು ನನ್ನನ್ನು ಬಿಡಲಿಲ್ಲ. ಮೀನಿನ ಕತೆ ಅಕ್ಕನಿಂದ ಆಗಲೇ ಅವರ ಕಿವಿ ಮುಟ್ಟಿತ್ತು. ನಾನು ಸಾಲಿನ ನಡುವೆ ಎದ್ದು ನಿಂತು ಎಲ್ಲರ ದನಿಯನ್ನೂ ತೆಗೆದೆ: ಅಂಗಡಿಯವನದು, ಮಾಸ್ತರರದು, ಅಕ್ಕನದು, ಸಿಮೆಂಟ್ ಚೀಲದ ಮೇಲೆ ನಡುಗುವ ನನ್ನದು. ಮಂದಿ ಉಣ್ಣುವುದು ಬಿಟ್ಟು ನಕ್ಕರು. ನಕ್ಕಷ್ಟೂ ನಾನು ಉಬ್ಬಿದೆ. ಕತೆಯ ಕೊನೆಗೆ ಬರುವಷ್ಟರಲ್ಲಿ ಆ ಐದು ಜೀವ ಉಳಿಸಿದವನು ನಾನೊಬ್ಬನೇ ಆಗಿದ್ದೆ. ಆ ಹುರುಪಿನಲ್ಲಿ ಕಟ್ಟೆಯ ಮೇಲೆ ಕೂತು ನ್ಯಾಯ ಹೇಳುವ ಊರ ಪಂಚರ ದನಿ ತೆಗೆದು, ಕೈ ಎತ್ತಿ ಎಲ್ಲರನ್ನೂ ಕೇಳಿದೆ:

‘ಈಗ ನೀವ ಹೇಳ್ರೆಪಾ ದೈವದವರು. ನಾ ಒಂದ ಒಂದು ಕಾಳೂ ಹಾಕಿದಾವಲ್ಲ. ತಪ್ಪು ಯಾರದು? ಹಾಕಿದಾಕೀದೊ, ಬಾಯಿ ತಕ್ಕೊಂಡು ಬಂದ ಮೀನಿಂದೊ?’

ಅವ್ವ ನನ್ನ ಹಿಂದೆಯೇ ಬಡಿಸುತ್ತ ಬಂದಿದ್ದಳು. ಬಗ್ಗಿದ ಬೆನ್ನು ಎತ್ತಲಿಲ್ಲ, ಸೌಟು ನಿಲ್ಲಿಸಲಿಲ್ಲ.

‘ಕೇಳಿದಾವ ನೀನು, ಹಾಕಿದಾಕಿ ನಾನು. ಮೀನು ಉಸಿರಾಡಾಕ ಬಂದಿದ್ವು.’